ನಮ್ಮ ತೊಗರಿಯ ಪಹಣಿ ಓದಿದ ಕತಿ



ಎಳ್ಳ ಅಮಾಸಿ ದಿನ ಚರಗ ಚೆಲ್ಲಾಕ ಹೊಲಕ್ಕ ಹೋಗಿದ್ವಿ. ಮ್ಯಾಲಿನ ತುಂಡಿನ ತೊಗರಿ ಕಾಯಿ ಹಿಡಿದು ಬಾಗಿತ್ತು. ಕೆಳಗಿನ ತುಂಡಿನಾಗ ನಡುನಡುವೆ ಗಿಡ ಒಣಗಿ ನಿಂತಿದ್ವು. ಎಲಿ ಉದುರಿಲ್ಲ, ಕಾಯಿ ಬಲಿತಿಲ್ಲ, ಗಿಡ ಮಾತ್ರ ಸತ್ತಾದ. ಒಂದು ಗಿಡ ಕಿತ್ತು ಕಾಂಡ ಸೀಳಿದೆ. ಒಳಗ ಕರಿ ಗೆರಿ. ನೆಟೆ ರೋಗ. ಬ್ಯಾರೆ ಏನೂ ಹೇಳೋದು ಬ್ಯಾಡ, ನಿಮಗೆಲ್ಲಾ ಗೊತ್ತಿದ್ದದ್ದೇ.

ಜೊತಿಗಿ ನಮ್ಮಣ್ಣನ ಮಗ ಬಂದಿದ್ದ. ಭೀಮರಾಯನಗುಡಿ ಕೃಷಿ ಕಾಲೇಜಿನಾಗ ಓದ್ತಾನ. ಅವ ಹೇಳ್ದ, "ಕಾಕಾ, ತೊಗರಿದು ಜೀನೋಮ್ ಪೂರಾ ಓದ್ಯಾರ. 2011ರಾಗೇ ಓದಿ ಮುಗಿಸ್ಯಾರ. ಅದೂ ಬ್ಯಾರೆ ಯಾವುದೋ ತೊಗರಿ ಅಲ್ಲ, ನೀ ಬಿತ್ತಿದ್ದ ಆಶಾ ತಳಿದೇ."

ನಾ ಕೇಳ್ದೆ, "ಓದಿದ್ರ ಮತ್ತ ಇದ್ಯಾಕ ಒಣಗಿತಪಾ?"

ಹುಡುಗ ಸುಮ್ಮನಾದ. ಅವನ ಬಾಯಿ ಮುಚ್ಚಿಸಬೇಕಂತ ನಾ ಕೇಳಿದ್ದಲ್ಲ. ನನಗ ಖರೇನೇ ತಿಳೀಬೇಕಾಗಿತ್ತು. ಆಮ್ಯಾಲ ಒಂದು ತಿಂಗಳು ಅವನಿಂದ ಕೇಳಿ, ಅವ ತಂದುಕೊಟ್ಟದ್ದು ಓದಿಸಿಕೊಂಡು, ನೋಟ್‌ಬುಕ್ಕಿನಾಗ ಬರಕೊಂಡೆ. ಎಸ್ಸೆಸ್ಸೆಲ್ಸಿ ಓದಿದವನಿಗೆ ತಿಳಿದದ್ದು ನಿಮಗೂ ತಿಳೀತದ. ಸ್ವಲ್ಪ ಉದ್ದ ಅದ, ಸಂಜಿಗಿ ಕುಂತು ಓದ್ರಿ.

ಮೊದಲು ಜೀನೋಮ್ ಅಂದ್ರ ಏನು ಅನ್ನೋದು. ನಮ್ಮ ಹಿರಿಯರ ಮನಿ ಟ್ರಂಕಿನಾಗ ನಿಜಾಮರ ಕಾಲದ ಹೊಲದ ಕಾಗದ ಇರ್ತಾವ, ಉರ್ದುವಿನಾಗ ಬರೆದದ್ದು. ಹೊಲ ನಮ್ಮದೇ, ಕಾಗದ ನಮ್ಮ ಕೈಯಾಗೇ ಅದ, ಆದ್ರ ಅದರಾಗ ಏನದ ಅಂತ ನಮಗ ಓದಾಕ ಬರೂದಿಲ್ಲ. ಬೀಜಾನೂ ಹಂಗೇ. ಒಂದು ತೊಗರಿ ಕಾಳಿನ ಒಳಗ, ಕಣ್ಣಿಗೆ ಕಾಣದಷ್ಟು ಸಣ್ಣ ಕೋಶದೊಳಗ, ಆ ಗಿಡದ ಪೂರಾ ದಾಖಲಿ ಬರೆದಿಟ್ಟಾದ. ಹೂವು ಎಂದು ಬಿಡಬೇಕು, ಕಾಳು ಕೆಂಪೋ ಬಿಳಿಯೋ, ಬೇರಿಗೆ ಬೂಷ್ಟು ಬಂದ್ರ ತಡಿಯೋದು ಹ್ಯಾಂಗ, ಎಲ್ಲಾ ಅದರಾಗೇ ಅದ. ಆ ಬರಹದ ಲಿಪಿಗೆ ನಾಕೇ ಅಕ್ಷರ. ವಿಜ್ಞಾನಿಗಳು ಅವಕ್ಕ ಎ, ಟಿ, ಜಿ, ಸಿ ಅಂತ ಕರೀತಾರ. ಈ ನಾಕು ಅಕ್ಷರ ಹಿಂದು ಮುಂದಾಗಿ ಕೋಟಿಗಟ್ಟಲೆ ಬರ್ತಾವ. ಆ ಬರಹವನ್ನ ಕ್ರೋಮೋಸೋಮ್ ಅನ್ನೋ ಸುರುಳಿಗಳಾಗಿ ಸುತ್ತಿಟ್ಟಾದ. ತೊಗರಿಗೆ 11 ಜೋಡಿ ಸುರುಳಿ. ಭತ್ತಕ್ಕ 12 ಜೋಡಿ. ಒಂದು ಕೆಲಸಕ್ಕ ಬೇಕಾದ ಬರಹದ ತುಂಡಿಗೆ ಜೀನ್ ಅಂತಾರ. ಪೂರಾ ಬರಹಕ್ಕ ಜೀನೋಮ್.

ಈಗ ಎರಡು ಬ್ಯಾರೆ ಬ್ಯಾರೆ ಕೆಲಸ ಅವ. ಒಂದು ನಕ್ಷೆ ಮಾಡೋದು, ಇನ್ನೊಂದು ಅಕ್ಷರ ಓದೋದು. ಸರ್ವೇದವ್ರು ಬಂದು ಸರಪಳಿ ಹಿಡಿದು ಯಾವ ಸರ್ವೇ ನಂಬರಿನ ಪಕ್ಕ ಯಾವ ನಂಬರು ಅಂತ ಗುರುತು ಹಾಕೋದು ನಕ್ಷೆ. ಆ ನಂಬರಿನ ಕಾಗದ ತೆಗೆದು ಅಕ್ಷರ ಅಕ್ಷರ ಓದೋದು ಎರಡನೇ ಕೆಲಸ. ಇತಿಹಾಸದಾಗ ನಕ್ಷೆ ಮೊದಲು ಬಂತು, ಓದೋದು ಭಾಳ ತಡಾ ಬಂತು.

ಅಕ್ಷರ ಓದಾಕ ಬರದ ಕಾಲದಾಗ ನಕ್ಷೆ ಹ್ಯಾಂಗ ಮಾಡಿದ್ರು? ಇದು ನನಗ ಭಾಳ ಹಿಡಿಸಿದ ವಿಷಯ. ಅಣ್ಣತಮ್ಮರು ಪಾಲಾಗೋದು ನೋಡೀರಿ. ಉದ್ದಕ್ಕ ಹತ್ತು ಎಕರೆ ಹೊಲ ಅದ. ಒಂದು ತುದಿಗೆ ಬಾವಿ, ಬಾವಿ ಮಗ್ಗಲದಾಗ ಬೇವಿನ ಗಿಡ, ಇನ್ನೊಂದು ತುದಿಗೆ ಹುಣಸಿ ಗಿಡ. ನಡುವೆ ಎಲ್ಲೋ ಒಂದು ಕಡೆ ಬದು ಹಾಕಿ ಎರಡು ಪಾಲು ಮಾಡಿದ್ರ, ಬಾವಿ ಸಿಕ್ಕವನಿಗೇ ಬೇವಿನ ಗಿಡಾನೂ ಬಹುತೇಕ ಸಿಗ್ತದ. ಹುಣಸಿ ಗಿಡ ಇನ್ನೊಬ್ಬನ ಪಾಲಿಗೆ ಹೋಗೋದೇ ಹೆಚ್ಚು. ಇಂಥಾ ಸಾವಿರ ಪಾಲು ನೋಡಿದವ ಹೊಲ ನೋಡದೇನೇ ಹೇಳ್ತಾನ, ಬಾವಿ ಬೇವು ಹತ್ರ ಅವ, ಹುಣಸಿ ದೂರ ಅದ ಅಂತ. ಗಂಡು ಹೆಣ್ಣು ಕೂಡಿ ಸಂತಾನ ಆಗೋ ಮುಂಚೆ ಕ್ರೋಮೋಸೋಮಿನಾಗೂ ಹಿಂಗೇ ತುಂಡು ಅದಲು ಬದಲಾಗ್ತಾವ. ಎರಡು ಗುಣ ಮಕ್ಕಳಿಗೆ ಕೂಡೇ ಹೋಗ್ತಿದ್ರ ಅವು ಹತ್ರ ಅವ ಅಂತ ಅರ್ಥ. ಅಮೆರಿಕದಾಗ ಮಾರ್ಗನ್ ಅನ್ನೋ ವಿಜ್ಞಾನಿ ಹತ್ರ ಓದ್ತಿದ್ದ ಸ್ಟರ್ಟೆವಂಟ್ ಅನ್ನೋ ಹುಡುಗ ಈ ಲೆಕ್ಕದ ಮ್ಯಾಲೆ ಹಣ್ಣಿನ ನೊಣದ ಮೊದಲ ನಕ್ಷೆ ಮಾಡ್ದ. ಅದು 1913ರಾಗ ಅಚ್ಚಾಯ್ತು. ಇವತ್ತಿಗೂ ತೊಗರಿ ನಕ್ಷೆ ಮಾಡೋರು ಅದೇ ಪಾಲಿನ ಲೆಕ್ಕದ ಮ್ಯಾಲೇ ನಡೀತಾರ.

ಇನ್ನು ಗಿಡಗಳ ಕತಿ. ಜಗತ್ತಿನಾಗ ಮೊಟ್ಟಮೊದಲು ಪೂರಾ ಓದಿದ ಗಿಡ ಯಾವುದು ಅಂದ್ರ ನೀವು ಗೋಧಿ ಅಂತೀರಿ, ಇಲ್ಲ ಭತ್ತ ಅಂತೀರಿ. ಎರಡೂ ಅಲ್ಲ. ಅದೊಂದು ಕಸ. ಅರಾಬಿಡಾಪ್ಸಿಸ್ ಥಾಲಿಯಾನಾ ಅಂತ ಹೆಸರು. ಸಾಸಿವಿ ಕುಲದ ಸಣ್ಣ ಗಿಡ, ಯುರೋಪಿನಾಗ ರಸ್ತೆ ಬದಿಗೆ, ಗ್ವಾಡಿ ಸಂದಿಗೆ ಬೆಳೀತದ. ತಿನ್ನಾಕ ಬರಲ್ಲ, ಮಾರಾಕ ಬರಲ್ಲ, ಹೊಲದಾಗ ಕಂಡ್ರ ನಾವು ಕುರ್ಪಿ ಹಾಕ್ತಿದ್ವಿ. 16ನೇ ಶತಮಾನದಾಗ ಥಾಲ್ ಅನ್ನೋ ಜರ್ಮನ್ ವೈದ್ಯ ಅದನ್ನ ಬೆಟ್ಟದಾಗ ಕಂಡು ಬರೆದಿಟ್ಟ, ಅವನ ಹೆಸರೇ ಅದಕ್ಕ ಕೂಡ್ತು.

ಇಂಥಾ ಕಸಾನ ಯಾಕ ಆರಿಸಿದ್ರು? ಲಾಯ್ಬಾಕ್ ಅನ್ನೋ ಜರ್ಮನ್ ವಿಜ್ಞಾನಿ 1907ರಾಗ ಅದರ ಕ್ರೋಮೋಸೋಮ್ ಎಣಿಸಿ ಐದೇ ಜೋಡಿ ಅವ ಅಂತ ಕಂಡ. 1943ರಾಗ ಅವನೇ ಹೇಳ್ದ, ಗಿಡಗಳ ವಂಶಪರಂಪರೆ ಕಲಿಯಾಕ ಇದೇ ಸರಿಯಾದ ಗಿಡ ಅಂತ. ಬಿತ್ತಿದ ಆರು ವಾರದಾಗ ಬೀಜ ಕೊಡ್ತದ. ಒಂದು ಗಿಡಕ್ಕ ಸಾವಿರಾರು ಬೀಜ. ಕಿಟಕಿ ಮ್ಯಾಲೆ ಕುಂಡಿಯಾಗ ಬೆಳೀತದ. ತೊಗರಿ ಮ್ಯಾಲೆ ಒಂದು ಸಲ ಪ್ರಯೋಗ ಮಾಡಾಕ ಆರು ತಿಂಗಳು ಒಂದು ಹೊಲ ಬೇಕು. ಇದಕ್ಕ ಆರು ವಾರ ಒಂದು ತಟ್ಟೆ ಸಾಕು. ಎಲ್ಲಕ್ಕಿಂತ ಮುಖ್ಯ, ಅದರ ಬರಹ ಭಾಳ ಸಣ್ಣದು, ಸುಮಾರು 12.5 ಕೋಟಿ ಅಕ್ಷರ ಅಷ್ಟೇ. ಕಲಿಯೋ ಹುಡುಗ ಮೊದಲು ಸಣ್ಣ ಪುಸ್ತಕ ಹಿಡಿದಂಗ. ಇಂಥಾ ಗಿಡಕ್ಕ ಮಾದರಿ ಸಸ್ಯ ಅಂತಾರ. ಅದರಾಗ ಕಲಿತದ್ದು ಬ್ಯಾರೆ ಗಿಡಕ್ಕೂ ಹೊಂದ್ತದ, ಯಾಕಂದ್ರ ಹೂವು ಬಿಡೋದು, ಬೇರು ಇಳಿಯೋದು, ರೋಗ ತಡಿಯೋದು ಇವಕ್ಕ ಬೇಕಾದ ಜೀನುಗಳು ಎಲ್ಲಾ ಗಿಡದಾಗೂ ನೆಂಟರಿದ್ದಂಗ ಅವ.

1983ರಾಗ ನೆದರ್ಲೆಂಡ್ಸ್ ದೇಶದ ಕೋರ್ನೀಫ್ ಮತ್ತವರ ಸಂಗಡಿಗರು ಈ ಗಿಡದ ಐದು ಕ್ರೋಮೋಸೋಮಿಗೂ ನಕ್ಷೆ ಕೊಟ್ರು. 1996ರಾಗ ಅಮೆರಿಕ, ಯುರೋಪು, ಜಪಾನಿನ ಪ್ರಯೋಗಾಲಯದವ್ರು ಕೂಡಿ ಓದೋ ಕೆಲಸ ಹಂಚಿಕೊಂಡ್ರು. ನೀವು ಈ ಸುರುಳಿ ಓದ್ರಿ, ನಾವು ಆ ಸುರುಳಿ ಓದ್ತೀವಿ ಅಂತ. 1999ರ ಡಿಸೆಂಬರಿಗೆ ಎರಡು ಸುರುಳಿ ಮುಗಿದ್ವು. 2000ರ ಡಿಸೆಂಬರಿನಾಗ ಉಳಿದವೂ ಸೇರಿ 11.5 ಕೋಟಿ ಅಕ್ಷರ, ಸುಮಾರು 25,500 ಜೀನ್ ಪ್ರಕಟ ಆದ್ವು. ಗಿಡದ ಜಾತಿಯೊಳಗ ಮೊದಲ ಓದು ಅದೇ. ಇನ್ನೊಂದು ಮಾತು, ಓದಿದ್ದನ್ನ ಮುಚ್ಚಿಡಲಿಲ್ಲ. ಯಾರು ಬೇಕಾದ್ರೂ ನೋಡಾಕ ಬಿಟ್ರು.

ಆಮ್ಯಾಲ ಭತ್ತ. ಜಪಾನಿನ ಮುಂದಾಳತ್ವದಾಗ 1998ರಿಂದ ಹತ್ತು ದೇಶ ಸೇರಿ ಓದಿದ್ವು. ಸುಮಾರು 38.9 ಕೋಟಿ ಅಕ್ಷರ. ನಮ್ಮ ದೇಶ 2000ದಾಗ ಕೂಡಿಕೊಂಡು 11ನೇ ಕ್ರೋಮೋಸೋಮಿನ ಒಂದು ಭಾಗ ಓದಿತು. ದಿಲ್ಲಿ ವಿಶ್ವವಿದ್ಯಾಲಯದವ್ರು ಮತ್ತ ದಿಲ್ಲಿ ಪೂಸಾದಾಗಿರೋ ಸಸ್ಯ ಜೈವಿಕ ತಂತ್ರಜ್ಞಾನದ ರಾಷ್ಟ್ರೀಯ ಸಂಶೋಧನಾ ಕೇಂದ್ರದವ್ರು ಆ ಕೆಲಸ ಮಾಡಿದ್ರು. 2005ರಾಗ ಪೂರಾ ಭತ್ತ ಪ್ರಕಟ ಆಯ್ತು. ನಮ್ಮವ್ರು ಓದೋದು ಕಲಿತದ್ದು ಅಲ್ಲೇ ಅಂತ ಹೇಳಬಹುದು. ಈ ಕಲಿಕೆ ಮುಂದ ತೊಗರಿಗೆ ಬಂತು.

ತೊಗರಿಗೆ ಬರೋದಕ್ಕ ಮುಂಚೆ ನೆಟೆ ರೋಗದ ಕತಿ ಹೇಳಬೇಕು, ಇಲ್ಲಾಂದ್ರ ಆಶಾ ತಳೀನೇ ಯಾಕ ಓದಿದ್ರು ಅನ್ನೋದು ತಿಳಿಯಲ್ಲ. ಬಟ್ಲರ್ ಅನ್ನೋ ಇಂಗ್ಲಿಷ್ ಸರ್ಕಾರದ ವಿಜ್ಞಾನಿ 1906ರಾಗ ಬಿಹಾರದ ತೊಗರಿ ಹೊಲದಾಗ ಈ ರೋಗ ದಾಖಲು ಮಾಡಿದ. 1910ರಾಗ ಅದರ ಬೂಷ್ಟಿಗೆ ಫ್ಯುಸೇರಿಯಂ ಉಡಮ್ ಅಂತ ಹೆಸರಿಟ್ಟ. ಇದು ಮಣ್ಣಿನಾಗ, ಹಳೇ ಬೇರು ಕೂಳಿಯಾಗ ವರ್ಷಗಟ್ಟಲೆ ಉಳೀತದ. ಬೇರಿನಿಂದ ಒಳಗ ಹೊಕ್ಕು ನೀರು ಏರೋ ದಾರಿ ಮುಚ್ಚತದ. ಅದಕ್ಕೇ ಹೊಲದಾಗ ಹಸಿ ಇದ್ರೂ ಗಿಡ ನೀರಡಿಸಿ ಸಾಯ್ತದ. ಗೊಡ್ಡು ರೋಗ ಬ್ಯಾರೆ. ಅದು 1931ರಾಗ ಬಿಹಾರದಾಗೇ ದಾಖಲಾತು. ಹೂವು ಕಾಯಿ ಇಲ್ಲದೇ ಗಿಡ ಹಸಿರಾಗೇ ನಿಲ್ತದ. ಅದು ನುಸಿ ಹೊತ್ತು ತರೋ ವೈರಸ್ಸಿನ ರೋಗ. ಆ ವೈರಸ್ ಕೈಗೆ ಸಿಗಾಕ ಎಪ್ಪತ್ತು ವರ್ಷದಷ್ಟು ಹಿಡೀತು.

1972ರಾಗ ಹೈದರಾಬಾದ ಹತ್ರ ಪಟಾನ್‌ಚೆರುವಿನಾಗ ಇಕ್ರಿಸ್ಯಾಟ್ ಶುರುವಾತು. ಒಣ ಭೂಮಿ ಬೆಳಿಗಳ ಅಂತರರಾಷ್ಟ್ರೀಯ ಸಂಸ್ಥೆ. ಅಲ್ಲಿ ವೈ.ಎಲ್. ನೇನೆ ಮತ್ತವರ ಸಂಗಡಿಗರು ಒಂದು ಉಲ್ಟಾ ಕೆಲಸ ಮಾಡಿದ್ರು. ನಾವು ರೋಗ ಇಲ್ಲದ ಹೊಲ ಹುಡುಕ್ತೀವಿ. ಅವ್ರು ಬೇಕಂತಲೇ ನೆಟೆ ತುಂಬಿದ ಮಡಿ ತಯಾರು ಮಾಡಿ, ದೇಶದ ಮೂಲಿ ಮೂಲಿಯಿಂದ ತಂದ ತೊಗರಿ ಅದರಾಗ ಬಿತ್ತಿದ್ರು. ಸತ್ತದ್ದು ಸಾಯ್ಲಿ, ಉಳಿದದ್ದು ತೆಗೀರಿ ಅಂತ. ಹಂಗ ಉಳಿದದ್ದರಾಗ ಒಂದು ಐಸಿಪಿ 8863. ಅದರ ಮೂಲ ಮಹಾರಾಷ್ಟ್ರದ ಬದನಾಪುರದ ಕಡೆಯ ನಾಟಿ ಬೀಜ. 1986ರಾಗ ಕರ್ನಾಟಕದಾಗ ಅದಕ್ಕ ಮಾರುತಿ ಅಂತ ಹೆಸರಿಟ್ಟು ಬಿಡುಗಡೆ ಮಾಡಿದ್ರು. ನಮ್ಮ ವಾರಗಿಯವ್ರಿಗೆಲ್ಲಾ ನೆನಪಿರ್ತದ, ಮಾರುತಿ ಬಂದ ಮ್ಯಾಲೆ ನಮ್ಮ ಕಡೀ ಹೊಲದಾಗ ಬ್ಯಾರೆ ತೊಗರಿ ಕಾಣೋದೇ ಕಮ್ಮಿ ಆತು. ಆದ್ರ ಮಾರುತಿಗೆ ನೆಟೆ ತಡಿಯೋ ಶಕ್ತಿ ಇತ್ತು, ಗೊಡ್ಡು ರೋಗ ತಡಿಯೋದಿಲ್ಲ. 1993ರಾಗ ಬಂದ ಆಶಾ, ಅಂದ್ರ ಐಸಿಪಿಎಲ್ 87119, ಎರಡನ್ನೂ ತಡೀತದ ಅಂತ ಬಂತು. ಅದಕ್ಕೇ ಭಾಳ ಕಡೆ ಹಬ್ಬಿತು. ಓದೋ ಕಾಲ ಬಂದಾಗ ಅದನ್ನೇ ಆರಿಸಿದ್ರು.

ಆದ್ರ ತೊಗರಿಗೆ ಓದೋ ಕಾಲ ಸುಮ್ಮನೆ ಬರಲಿಲ್ಲ. ಶ್ರೀಮಂತ ದೇಶದವ್ರು ತೊಗರಿ ಉಣ್ಣೂದಿಲ್ಲ. ಗೋಧಿ, ಗೋವಿನಜೋಳ, ಸೋಯಾಬೀನಿಗೆ ರೊಕ್ಕ ಹಾಕೋರಿದ್ರು, ತೊಗರಿಗೆ ಯಾರೂ ಇರಲಿಲ್ಲ. ವಿಜ್ಞಾನಿಗಳೇ ಇಂಥಾ ಬೆಳಿಗೆ ಅನಾಥ ಬೆಳಿ ಅಂತ ಹೆಸರಿಟ್ಟಿದ್ರು. ದಿನಾ ಬ್ಯಾಳಿ ಉಣ್ಣೋ ನಾವಿರಬೇಕಾದ್ರ ಅದು ಅನಾಥ ಹ್ಯಾಂಗಾತೋ ಏನೋ!

2006ರಾಗ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಭಾರತ-ಅಮೆರಿಕ ಒಪ್ಪಂದದ ಅಡಿಯಾಗ ತೊಗರಿ ಜೀನೋಮ್ ಕೆಲಸ ಶುರು ಮಾಡಿತು. ಇಕ್ರಿಸ್ಯಾಟ್, ದಿಲ್ಲಿಯ ಅದೇ ಪೂಸಾ ಕೇಂದ್ರ, ಕಾನ್ಪುರದ ದ್ವಿದಳ ಧಾನ್ಯ ಸಂಸ್ಥೆ, ಬನಾರಸ, ಅಕೋಲಾ, ಮತ್ತ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದವ್ರೂ ಅದರಾಗಿದ್ರು.

ಮೊದಲಿಗೆ ನಕ್ಷೆ. ಇಲ್ಲೇ ಒಂದು ತೊಡಕು ಬಂತು. ಪಾಲಿನ ಲೆಕ್ಕ ಮಾಡಬೇಕಂದ್ರ ಗುರುತು ಬೇಕಲ್ಲ, ಬಾವಿ, ಬೇವು, ಹುಣಸಿ. ನಾವು ಬಿತ್ತೋ ತೊಗರಿ ತಳಿಗಳು ಒಂದಕ್ಕೊಂದು ಭಾಳ ಹೋಲ್ತಾವ, ಗುರುತಿನ ಕಲ್ಲೇ ಸಿಗಲಿಲ್ಲ. ಅದಕ್ಕ ನಾಡ ತೊಗರಿಯನ್ನ ಕಾಡು ತೊಗರಿ ಜೊತಿಗೆ ಕೂಡಿಸಿ, ಅದರ ಮೊಮ್ಮಕ್ಕಳನ್ನ ಎಣಿಸಿದ್ರು. ಈ ಕಾಡು ತೊಗರಿ ಬಳ್ಳಿಯಂಗ ಹಬ್ಬತದ, ಸಣ್ಣ ಕಾಯಿ, ತಿನ್ನಾಕ ಬರಲ್ಲ. ಆದ್ರ ನಾಡ ತೊಗರಿಯ ದಾಯಾದಿ. 3,072 ಗುರುತು ಹುಡುಕಿ, ಪರೀಕ್ಷೆ ಮಾಡಿ, ಕೊನಿಗೆ 239 ಗುರುತು ನಕ್ಷೆ ಮ್ಯಾಲೆ ನಿಂತ್ವು. ಅದು 2011ರಾಗ ಬಂತು.

ಅದೇ ವರ್ಷ ಅಕ್ಷರಾನೂ ಓದಿದ್ರು. ಓದೋದು ಹ್ಯಾಂಗ ಅಂದ್ರ, ಅಷ್ಟುದ್ದ ಸುರುಳಿ ಒಂದೇ ಸಲ ಓದೋ ಯಂತ್ರ ಆಗ ಇರಲಿಲ್ಲ. ಒಂದು ಹಳೇ ದಾಖಲಿಗೆ ನೂರು ಝರಾಕ್ಸ್ ತೆಗೆದು, ಎಲ್ಲವನ್ನೂ ಹರಿದು ಚೂರು ಮಾಡಿ, ಒಂದೊಂದೇ ಚೂರು ಓದಿ, ಅಂಚಿನ ಅಕ್ಷರ ಎಲ್ಲಿ ಕೂಡ್ತಾವ ಅಂತ ನೋಡಿ ಜೋಡಿಸಿದಂಗ. ಜೋಡಿಸೋದು ಕಂಪ್ಯೂಟರ್ ಕೆಲಸ. ತೊಗರಿ ಬರಹ ಸುಮಾರು 83.3 ಕೋಟಿ ಅಕ್ಷರ, ಆ ಕಸದ ಗಿಡದ ಆರೂವರೆ ಪಟ್ಟು. ಅದರ ಅರ್ಧಕ್ಕಿಂತ ಹೆಚ್ಚು ಒಂದೇ ಸಾಲು ಮತ್ತ ಮತ್ತ ಬರೆದದ್ದು. ಇಂಥಾ ಸಾಲಿನ ಚೂರು ಎಲ್ಲಿ ಹೊಂದಿಸಬೇಕು ಅನ್ನೋದೇ ತಿಳಿಯೋದಿಲ್ಲ. ಅದಕ್ಕ ಆಗ ಜೋಡಿಸಾಕ ಆದದ್ದು ಸುಮಾರು 60.6 ಕೋಟಿ ಅಕ್ಷರ, ನೂರಕ್ಕ 73ರ ಹತ್ರ.

ಈ ಓದನ್ನ ಎರಡು ತಂಡ ಮಾಡಿದ್ವು. ಎರಡೂ ಓದಿದ್ದು ಆಶಾನೇ. ಒಂದು ತಂಡ ಇಕ್ರಿಸ್ಯಾಟಿನ ರಾಜೀವ್ ವರ್ಷ್ನೇಯ ಅವರ ಮುಂದಾಳತ್ವದ್ದು, ಚೀನಾ, ಅಮೆರಿಕ, ಯುರೋಪಿನವ್ರು ಕೂಡಿದ್ದು. ಅವರ ಲೆಕ್ಕ 48,680 ಜೀನ್. ಇನ್ನೊಂದು ನಮ್ಮ ದೇಶದ ಸಂಸ್ಥೆಗಳದ್ದೇ, ಪೂಸಾ ಕೇಂದ್ರದ ನಾಗೇಂದ್ರ ಕುಮಾರ ಸಿಂಗ್ ಅವರ ಮುಂದಾಳತ್ವದ್ದು. ಭತ್ತ ಓದಿದ ತಂಡದಾಗೂ ಇದ್ದವರು ಅವರು. ಅವರು ಸುಮಾರು 51.1 ಕೋಟಿ ಅಕ್ಷರ ಜೋಡಿಸಿ 47,004 ಜೀನ್ ಲೆಕ್ಕ ಕೊಟ್ರು. ಅದರಾಗ ರೋಗ ತಡಿಯೋ ಕೆಲಸದವು ಅಂತ 1,213 ಜೀನ್ ಗುರುತಿಸಿದ್ರು.

ಒಂದೇ ಗಿಡಕ್ಕ ಎರಡು ಲೆಕ್ಕ ಹ್ಯಾಂಗ ಅಂತ ನಾನೂ ಕೇಳ್ದೆ. ಒಂದೇ ಹೊಲ ಇಬ್ಬರು ಸರ್ವೇಯರು ಅಳೆದ್ರ ನಾಕು ಗುಂಟೆ ಹೆಚ್ಚು ಕಮ್ಮಿ ಬರೋದು ನಮಗ ಹೊಸದಲ್ಲ. ಯಂತ್ರ ಬ್ಯಾರೆ, ಜೋಡಿಸೋ ರೀತಿ ಬ್ಯಾರೆ. ಜೀನ್ ಎಲ್ಲಿ ಶುರು ಎಲ್ಲಿ ಮುಗೀತು ಅನ್ನೋದನ್ನ ಕಂಪ್ಯೂಟರು ಅಂದಾಜು ಮಾಡ್ತದ. ಎರಡೂ ಸುಳ್ಳಲ್ಲ, ಎರಡೂ ಕೊನೀ ಮಾತೂ ಅಲ್ಲ.

ಹಿಂಗ ಒಂದು ಕಸ ಓದಿದ ಹನ್ನೊಂದು ವರ್ಷಕ್ಕ ನಮ್ಮ ತೊಗರಿ ಪಾಳಿ ಬಂತು. ಹೊಟ್ಟಿಕಿಚ್ಚು ಪಡೋದು ಬ್ಯಾಡ. ಆ ಕಸದಾಗ ಕಲಿಯದೇ ಇದ್ದಿದ್ರ ತೊಗರಿಯ ಅಕ್ಷರ ಕಂಡ್ರೂ ಯಾವ ಜೀನ್ ಏನು ಮಾಡ್ತದ ಅಂತ ಹೇಳಾಕ ಬರ್ತಿರಲಿಲ್ಲ. ತೊಗರಿಯಾಗ ಒಂದು ಜೀನ್ ಸಿಕ್ಕಾಗ, ಇದರ ನೆಂಟ ಆ ಸಾಸಿವಿ ಕುಲದ ಗಿಡದಾಗ ಹೂವಿನ ಕೆಲಸ ಮಾಡ್ತಿತ್ತು, ಇದೂ ಅದೇ ಇರಬಹುದು ಅಂತ ಹೊಂದಿಸಿ ನೋಡಿದ್ರು.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಓದಿದ್ರ ಮತ್ತ ಯಾಕ ಒಣಗಿತು?

ಮೊದಲನೇ ಕಾರಣ, ಪಹಣಿ ಓದಿದ ಮಾತ್ರಕ್ಕ ಬೆಳಿ ಬರೂದಿಲ್ಲ. ಪಹಣಿ ಹೊಲ ಯಾರದು ಅಂತ ಹೇಳ್ತದ, ಬಿತ್ತೋದು ನಾವೇ. ಜೀನೋಮ್ ಓದಿದ್ರಿಂದ ತಳಿ ಮಾಡೋ ವಿಜ್ಞಾನಿಗೆ ಕಣ್ಣು ಬಂತು, ಅಷ್ಟೇ. ಮೊದಲು ಎರಡು ತೊಗರಿ ಕೂಡಿಸಿ, ಮಕ್ಕಳನ್ನ ನೆಟೆ ಮಡಿಯಾಗ ಬಿತ್ತಿ, ಯಾವುದು ಉಳೀತು ಅಂತ ಸುಗ್ಗಿ ತನಕ ಕಾಯಬೇಕಿತ್ತು. ಈಗ ಸಸಿ ಇದ್ದಾಗಲೇ ಒಂದು ಎಲಿ ಹರಿದು, ಬೇಕಾದ ಗುರುತು ಅದೋ ಇಲ್ಲೋ ನೋಡಬಹುದು. ಆದ್ರೂ ಒಂದು ತಳಿ ರೈತನ ಕೈಗೆ ಬರಾಕ ವರ್ಷಗಟ್ಟಲೆ ಬೇಕು.

ಎರಡನೇದು, ನೆಟೆ ತಡಿಯೋ ಶಕ್ತಿ ಒಂದೇ ಕಡೆ ಬರೆದಿಲ್ಲ. 2017ರಾಗ ಇಕ್ರಿಸ್ಯಾಟಿನವ್ರು ಮೂರು ಸಂತತಿ ಬೆಳೆಸಿ ನೋಡಿದಾಗ 14 ತಾಣ ಸಿಕ್ವು. ಅದರಾಗ ಮುಖ್ಯ ಅನಿಸಿದ ಮೂರು 11ನೇ ಕ್ರೋಮೋಸೋಮಿನಾಗ ಇದ್ವು. ನಮ್ಮ ಪಹಣಿಯ 11ನೇ ಕಾಲಂನಾಗ ಸಾಲ ಇರ್ತದ, ತೊಗರಿಯ 11ನೇದರಾಗ ರಕ್ಷಣಾ ಅದ ಅಂತ ನಾ ನಕ್ಕೆ. ಹದಿನಾಕು ಕಡೆಯಿಂದ ಒಳ್ಳೇದನ್ನೆಲ್ಲಾ ಒಂದೇ ಬೀಜಕ್ಕ ತರೋದು ಸಸಾರದ ಕೆಲಸ ಅಲ್ಲ.

ಮೂರನೇದು, ಬೂಷ್ಟೂ ಬದುಕಿರೋದೇ. ಅದರಾಗೂ ಬ್ಯಾರೆ ಬ್ಯಾರೆ ಬಣ ಅವ. ಒಂದೂರಾಗ ತಡದ ತಳಿ ಇನ್ನೊಂದೂರಾಗ ಸೋಲ್ತದ. ನಾವು ತೊಗರಿ ಮ್ಯಾಲೆ ತೊಗರಿ ಬಿತ್ತಿ ಅದಕ್ಕ ವರ್ಷಾ ಉಣ್ಣಾಕ ಇಟ್ರ ಅದು ಬೆಳೀತಾನೇ ಹೋಗ್ತದ. ನಮ್ಮ ಹಿರಿಯರು ತೊಗರಿ ಜೊತಿಗೆ ಜೋಳ ಅಕ್ಕಡಿ ಹಾಕ್ತಿದ್ರು, ಒಂದು ವರ್ಷ ಬಿಟ್ಟು ಜೋಳ ಬಿತ್ತಿದ್ರು. ಜೋಳದಿಂದ ನೆಟೆ ಕಮ್ಮಿ ಆಗ್ತದ ಅಂತ ಪ್ರಯೋಗದಾಗೂ ಕಂಡಾದ. ಕೆಳಗಿನ ತುಂಡಿನಾಗ ನಾ ಮೂರು ವರ್ಷ ಸತತ ತೊಗರಿ ಬಿತ್ತೀನಿ. ಮ್ಯಾಲಿನ ತುಂಡಿನಾಗ ಹಿಂದಿನ ವರ್ಷ ಜೋಳ ಇತ್ತು. ಬೀಜ ಎರಡಕ್ಕೂ ಒಂದೇ ಚೀಲದ್ದು. ಇದರ ಮ್ಯಾಲೆ ನಾ ಯಾರಿಗೆ ಬೈಯ್ಲಿ?

ನಾಕನೇದು, ನಾ ಬಿತ್ತಿದ್ದು ಖರೇನೇ ಆಶಾನೋ ಅಂತ. ತೊಗರಿ ಹೂವಿಗೆ ಜೇನುಹುಳ ಬರ್ತಾವ, ಪಕ್ಕದ ಹೊಲದ ಪುಡಿ ಇಲ್ಲಿಗೆ ಬರ್ತದ. ನಾಕೈದು ವರ್ಷ ಮನಿ ಬೀಜಾನೇ ಬಿತ್ತಿದ್ರ ತಳಿ ಕಲಬೆರಕಿ ಆಗ್ತದ. ಹಂಗಂತ ಅಂಗಡಿ ಬೀಜ ನಂಬಿದ್ರೂ ಒಂದು ವರ್ಷ ಮೋಸ ಹೋದೆ. ಚೀಲದ ಮ್ಯಾಲೆ ಒಂದು ಹೆಸರು, ಹೊಲದಾಗ ಮೂರು ಥರದ ಹೂವು. ಬಿಲ್ಲಿನ ಚೀಟಿ ಇರಲಿಲ್ಲ, ಕೇಳಾಕ ಹೋದ್ರ ಬಾಯಿ ಮುಚ್ಚಿಸಿದ್ರು. ಜೀನೋಮ್ ಓದಿದ್ದರ ಒಂದು ನೇರ ಉಪಯೋಗ ಇಲ್ಲೇ ಅದ. ಕಾಳಿನ ಗುರುತು ತೆಗೆದು ಇದು ಆಶಾನೋ ಅಲ್ಲೋ ಅಂತ ಪ್ರಯೋಗಾಲಯದಾಗ ಹೇಳಬಹುದು. ಹೂವು ಬರೋ ತನಕ ಕಾಯೋದು ಬ್ಯಾಡ. ಈ ಪರೀಕ್ಷೆ ಬೀಜದ ಚೀಲ ನಮ್ಮ ಊರಿಗೆ ಬರೋ ಮುಂಚೆ ಆಗಬೇಕು. ನಾವು ಕೇಳಬೇಕಾದ್ದು ಇದು.

ಒಣಗಿದ್ದೆಲ್ಲಾ ನೆಟೆ ಅಂತ ತಿಳಿಯೋದೂ ತಪ್ಪು. ಮಳಿ ಹೆಚ್ಚಾಗಿ ನೀರು ನಿಂತ್ರ ಬರೋ ಫೈಟಾಪ್ತೊರಾ, ಬಿಸಲಿಗೆ ಬರೋ ಒಣ ಬೇರು ಕೊಳೆ, ಇವೂ ಗಿಡ ಒಣಗಿಸ್ತಾವ. ನಾವು ಎಲ್ಲಕ್ಕೂ ನೆಟೆ ಅಂತೀವಿ. ನೆಟೆ ತಡಿಯೋ ತಳಿ ಇವನ್ನ ತಡೀಬೇಕಂತಿಲ್ಲ. ಅದಕ್ಕ ಕಾಂಡ ಸೀಳಿ ನೋಡ್ರಿ. ಬುಡದಿಂದ ಮ್ಯಾಲಕ್ಕ ನೇರಳೆ ಪಟ್ಟಿ, ಒಳಗ ಕರಿ ಗೆರಿ ಇದ್ರ ನೆಟೆ.

ಕೊನಿಗೆ ನನ್ನ ಮನಸ್ಸಿಗೆ ಹತ್ತಿದ ಮಾತು. 2017ರಾಗ ಇಕ್ರಿಸ್ಯಾಟಿನವ್ರು ಮತ್ತವರ ಸಂಗಡಿಗರು ಒಂದಲ್ಲ, 292 ಥರದ ತೊಗರಿ ಓದಿ ಪ್ರಕಟ ಮಾಡಿದ್ರು. ಸುಧಾರಿತ ತಳಿ, ನಾಟಿ ತಳಿ, ಕಾಡು ತೊಗರಿ ಎಲ್ಲಾ ಇದ್ವು. ಅದರಿಂದ ಎರಡು ಸಂಗತಿ ತಿಳಿದ್ವು. ತೊಗರಿ ಮೊದಲು ನಾಡಿಗೆ ಬಂದದ್ದು ನಮ್ಮ ದೇಶದಾಗೇ, ಮಧ್ಯಪ್ರದೇಶದ ಕಡೆ ಅಂತ ಒಂದು. ಕಾಡಿನಿಂದ ನಾಟಿಗೆ, ನಾಟಿಯಿಂದ ಸುಧಾರಿತ ತಳಿಗೆ ಬರ್ತಾ ಬರ್ತಾ ಬರಹದಾಗಿನ ಬಗೀ ಕಮ್ಮಿ ಆಗ್ಯದ ಅಂತ ಇನ್ನೊಂದು. ಅಂದ್ರ ಇಳುವರಿ ಹಿಂದ ಓಡ್ತಾ ಓಡ್ತಾ ದಾರಿಯಾಗ ಏನೇನೋ ಉದುರಿಸಿಕೊಂಡು ಬಂದೀವಿ. ಉದುರಿದ್ದು ನಾಟಿ ಬೀಜದಾಗ ಇನ್ನೂ ಅದ. ಇಕ್ರಿಸ್ಯಾಟಿನ ಬೀಜ ಭಂಡಾರದಾಗ 13 ಸಾವಿರಕ್ಕೂ ಹೆಚ್ಚು ತೊಗರಿ ಮಾದರಿ ಇಟ್ಟಾರ. ಅವನ್ನ ವಿಜ್ಞಾನಿಗಳು ಹುಟ್ಟಿಸಲಿಲ್ಲ. ಬಹುಪಾಲು ನಮ್ಮಂಥವರ ಅವ್ವ, ಅಮ್ಮರು ಬೂದಿ ಹಚ್ಚಿ ಗಡಿಗ್ಯಾಗ ಕಟ್ಟಿಟ್ಟ ಬೀಜ. ಮಾರುತಿ ಬಂದದ್ದೂ ಅಂಥದೊಂದು ನಾಟಿ ಬೀಜದಿಂದಲೇ. ಓದಿದವ್ರು ಅವರು, ಬರಹ ಉಳಿಸಿದವ್ರು ನಾವು. ಎರಡೂ ಬೇಕು.

ಕಾಯ್ದೇನೂ ಇದನ್ನ ಒಪ್ಪತದ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ರಕ್ಷಣಾ ಕಾಯ್ದೆ ಪ್ರಕಾರ ರೈತ ತನ್ನ ಹೊಲದ ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಅದಲು ಬದಲು ಮಾಡಬಹುದು, ಮಾರಲೂಬಹುದು, ಕಂಪನಿ ಹೆಸರಿನ ಚೀಲದಾಗ ಮಾತ್ರ ಮಾರಬಾರದು. ತಾನು ಉಳಿಸಿದ ನಾಟಿ ತಳಿಯನ್ನ ತನ್ನ ಹೆಸರಿಗೆ ನೋಂದಣಿನೂ ಮಾಡಿಸಬಹುದು. ಬರಹ ಓದಿದವ ಅದಕ್ಕ ಮಾಲಕ ಆಗಬಾರದು ಅಂದ್ರ, ಬೀಜ ನಮ್ಮ ಕೈಯಾಗ ಇರಬೇಕು.

ಈ ಓದಿನ ಫಲ ಇನ್ನೂ ಹೊಲಕ್ಕ ಬರಾಕತ್ತದ. ನಮ್ಮ ಕಲಬುರಗಿ ಸಂಶೋಧನಾ ಕೇಂದ್ರದವ್ರು ಟಿಎಸ್-3ಆರ್, ಜಿಆರ್‌ಜಿ-811 ಅಂತ ತಳಿ ಕೊಟ್ಟಾರ, ಅವು ಮಡಿಯಾಗ ಕಣ್ಣಿಟ್ಟು ಆರಿಸೋ ಹಳೇ ದಾರಿಯಾಗೇ ಬಂದವು. ಎರಡು ದಾರೀನೂ ನಡೀಬೇಕು. ಒಂದರ ಮ್ಯಾಲೆ ಭಾರ ಹಾಕಿ ಇನ್ನೊಂದು ಬಿಟ್ರ ಮತ್ತ ಮಾರುತಿ ಕತೀನೇ ಆಗ್ತದ, ಒಂದು ರೋಗ ತಡದು ಇನ್ನೊಂದಕ್ಕ ಬಾಗಿಲು ತೆರೆದಂಗ.

ನಾ ಏನು ಮಾಡ್ತೀನಿ ಅಂದ್ರ, ಕೆಳಗಿನ ತುಂಡಿನಾಗ ಎರಡು ವರ್ಷ ತೊಗರಿ ಇಲ್ಲ, ಜೋಳ. ಒಣಗಿದ ಗಿಡ ಬೇರು ಸಮೇತ ಕಿತ್ತು ಸುಡ್ತೀನಿ, ಹೊಲದಾಗ ಮುರಿದು ಬಿಡೂದಿಲ್ಲ. ಮ್ಯಾಲಿನ ತುಂಡಿನಾಗ ನಡುವಿನ ಸಾಲಿನ ಒಳ್ಳೇ ಗಿಡಕ್ಕ ದಾರ ಕಟ್ಟೀನಿ, ಅದರ ಬೀಜ ಬ್ಯಾರೆ ಒಕ್ಕಿ ಇಡ್ತೀನಿ. ಮುಂಗಾರಿಗೆ ಟ್ರೈಕೋಡರ್ಮಾ ಹಚ್ಚಿ ಬಿತ್ತೋದು.

ನಮ್ಮವ್ವ ಇದ್ದಾಗ ಹೊಲದ ಬದುವಿಗೆ ಒಂದು ಸಾಲು ಎತ್ತರದ ತೊಗರಿ ಹಾಕ್ತಿದ್ಳು, ಕಾಳು ಸಣ್ಣದು, ಭಾಳ ತಡಾ ಬರ್ತಿತ್ತು, ಬ್ಯಾಳಿ ಮಾತ್ರ ಘಮ ಅಂತಿತ್ತು. ಮಾರುತಿ ಬಂದ ವರ್ಷ ನಾನೇ ಅದನ್ನ ಕಿತ್ತು ಒಗದೆ. ನಮ್ಮ ಹತ್ತಿಕುಣಿ ಸುತ್ತಮುತ್ತ ಯಾರದರೇ ಮನಿ ಗಡಿಗ್ಯಾಗ ಅಂಥಾ ಹಳೇ ತೊಗರಿ ಇದ್ರ ಹೇಳ್ರಿ. ಒಂದು ಸೇರು ಆಶಾ ಕೊಡ್ತೀನಿ, ಒಂದು ಹಿಡಿ ಅದನ್ನ ಕೊಡ್ರಿ. ನಾಕು ಸಾಲು ಹಾಕಿ ಉಳಿಸೋಣು.